ನಾ ಹಂಗ ಅಂದಿಲ್ಲ

ನಮ್ಮ ಮನೆಯಲ್ಲಿ ‘ಹೆಮ್ಮೆ’ ಅನ್ನೋ ಪದ ಇರಲಿಲ್ಲ. ಸೊಕ್ಕು ಇತ್ತು. ಧಿಮಾಕು ಇತ್ತು. ‘ಭಾಳ ಹಾರ್ಯಾಡಬ್ಯಾಡ’ ಇತ್ತು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂತು ಅಂತ ಓಡಿಬಂದು ಹೇಳಿದರೆ ಅವ್ವ ಮೊದಲು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಿದ್ದಳು. ಆಮೇಲೆ ಬಾಗಿಲ ಕಡೆ ನೋಡುತ್ತಿದ್ದಳು, ಓಣಿಯವರು ಯಾರಾದರೂ ಕೇಳಿಸಿಕೊಂಡರೇನೋ ಅಂತ. ದೃಷ್ಟಿಯಾದೀತು ಅನ್ನೋ ಭಯ. ಕೊನೆಗೆ, ‘ಆಯ್ತು, ಕೈ ತೊಳ್ಕೊ, ಉಣ್ಣು’ ಎನ್ನುತ್ತಿದ್ದಳು. ಅವತ್ತು ರೊಟ್ಟಿಯ ಮೇಲೆ ಒಂದು ಚಮಚ ತುಪ್ಪ ಜಾಸ್ತಿ ಇರುತ್ತಿತ್ತು. ಅದರ ಅರ್ಥ ನನಗೆ ಆಗ ಗೊತ್ತಾಗಲಿಲ್ಲ. ತುಪ್ಪ ತಿಂದೆ, ಅಷ್ಟೆ.

ಈಗ ನಾನು ಕನ್ನಡ ಮೇಷ್ಟ್ರು. ಕಲಬುರಗಿ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬರುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ದಿನ, ‘ನಿಮಗೆ ಹೆಮ್ಮೆ ಅನಿಸುವ ಒಂದು ಬರಹ ಆರಿಸಿ, ನಿಮ್ಮ ಫೈಲಿನಲ್ಲಿ ಇಡಿ’ ಎಂದೆ. ಎಲ್ಲ ಸುಮ್ಮನೆ ಕೂತರು. ಪದ ತಲುಪಲಿಲ್ಲ ಅಂತ ಗೊತ್ತಾಯಿತು. ‘ನೀವು ಬರೆದದ್ದರಾಗ ಯಾವ್ದು ಛಲೋ ಅದ ಅನ್ನಸ್ತದ?’ ಅಂತ ತಿರುಗಿಸಿ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

‘ಅದು ನೀವು ಹೇಳ್ರಿ ಸರ್. ಅಂಕ ಹಾಕೋರು ನೀವಲ್ರಿ?’

ಅವನ ಮಾತಿನಲ್ಲಿ ತಪ್ಪೇನಿಲ್ಲ, ಅಲ್ವಾ? ಎಂಟು ವರ್ಷ ಶಾಲೆ ಅವನಿಗೆ ಕಲಿಸಿದ್ದೇ ಅದು. ಬರೆಯೋದು ಅವನ ಕೆಲಸ, ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋದು ಬೇರೆಯವರ ಕೆಲಸ.

ನಮ್ಮ ಶಾಲೆಗಳಲ್ಲಿ ‘ಕೃತಿ ಸಂಪುಟ’ ಅಂತ ಒಂದು ಫೈಲು ಇರುತ್ತದೆ. ಮಗು ವರ್ಷವಿಡೀ ಬರೆದದ್ದು, ಬಿಡಿಸಿದ್ದು, ಮಾಡಿದ್ದು ಅದರಲ್ಲಿ ಕೂಡುತ್ತ ಹೋಗಬೇಕು. ಮಗು ಎಲ್ಲಿಂದ ಎಲ್ಲಿಗೆ ಬಂತು ಅಂತ ಫೈಲು ತೆರೆದರೆ ಕಾಣಬೇಕು. ವಿಚಾರ ಬಹಳ ಒಳ್ಳೆಯದು. ಆದರೆ ನಡೆಯುವುದೇ ಬೇರೆ. ಮೇಲಿನವರು ನೋಡಲು ಬರುವ ಎರಡು ದಿನ ಮೊದಲು ಎಲ್ಲರಿಗೂ ಬಿಳಿ ಹಾಳೆ ಹಂಚುತ್ತೇವೆ. ‘ಛಂದ ಬರೀರಿ, ಸುತ್ತ ಗೆರಿ ಹೊಡೀರಿ, ಕೆಂಪು ಸ್ಕೆಚ್ ಪೆನ್ನಿಲೆ ಹೆಡ್ಡಿಂಗ್’ ಎನ್ನುತ್ತೇವೆ. ಫೈಲಿನೊಳಗೆ ಹೋಗುವುದು ಆ ಹಾಳೆ. ಅದಕ್ಕೂ ಮೊದಲು ಮಗು ರಫ್ ಪಟ್ಟಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಗೀಚಿದ್ದು, ಹೊಡೆದು ಹಾಕಿದ್ದು, ಬಾಣದ ಗುರುತು ಹಾಕಿ ಮೇಲಿನ ಸಾಲು ಕೆಳಗೆ ತಂದದ್ದು, ಎಲ್ಲ ವರ್ಷದ ಕೊನೆಗೆ ರದ್ದಿಗೆ. ಬೆಳೆದದ್ದರ ಗುರುತು ಇರೋದೇ ಆ ಹಾಳೆಗಳಲ್ಲಿ. ಅದನ್ನೇ ತೂಕಕ್ಕೆ ಹಾಕುತ್ತೇವೆ. ನಾನೂ ಎಷ್ಟೋ ವರ್ಷ ಹೀಗೇ ಮಾಡಿದೆ. ಯಾರ ಮೇಲೂ ಬೆರಳು ತೋರಿಸುವಂತಿಲ್ಲ.

ನನ್ನದೇ ಒಂದು ಪ್ರಬಂಧದ ಕಥೆ ಹೇಳುತ್ತೇನೆ. ಆಗ ನಮ್ಮ ಜಿಲ್ಲೆಯ ಹೆಸರು ಇನ್ನೂ ಗುಲಬರ್ಗಾ. ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ನಾನು ಎಂಟನೇ ಕ್ಲಾಸು. ‘ಗ್ರಂಥಾಲಯಗಳ ಮಹತ್ವ’ ಅಂತ ಪ್ರಬಂಧ ಕೊಟ್ಟಿದ್ದರು. ಗುಲಬರ್ಗಾದ ಸೂಪರ್ ಮಾರ್ಕೆಟ್ ಅನ್ನೋ ಬಜಾರದಿಂದ ಅಣ್ಣ ತಂದುಕೊಟ್ಟ ಗೈಡಿನಲ್ಲಿ ಅದು ಅಚ್ಚಾಗಿಯೇ ಇತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಎಲ್ಲ. ಬಾಯಿಪಾಠ ಮಾಡಿ, ಒಂದು ಕಾಮಾನೂ ತಪ್ಪದೆ ಇಳಿಸಿದೆ. ‘ಗ್ರಂಥಾಲಯವು ಜ್ಞಾನದ ದೇಗುಲ’ ಅಂತ ಶುರು. ಸರ್ ಹತ್ತಕ್ಕೆ ಒಂಬತ್ತು ಹಾಕಿ, ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದರು. ಚಪ್ಪಾಳೆ ಬಿತ್ತು. ತಮಾಷೆ ಏನೆಂದರೆ, ಚಪ್ಪಾಳೆ ಹೊಡೆದವರಲ್ಲಿ ಅರ್ಧದಷ್ಟು ಹುಡುಗರ ಪಟ್ಟಿಯಲ್ಲಿ ಅದೇ ಪ್ರಬಂಧ ಇತ್ತು. ನನ್ನ ಅಕ್ಷರ ಚಂದ, ಅದಕ್ಕೆ ನನಗೆ ಒಂಬತ್ತು.

ಸಂಜೆ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾಗೆ, ಅಂದರೆ ಅಜ್ಜನಿಗೆ, ಓದಿ ತೋರಿಸಿದೆ. ಮುತ್ಯಾ ನಿಜಾಮನ ಕಾಲದಲ್ಲಿ ನಾಲ್ಕು ವರ್ಷ ಉರ್ದು ಶಾಲೆಗೆ ಹೋದವನು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದಾಗ ಅವನ ಶಾಲೆ ಮುಗಿದಿತ್ತು. ಹೀಗಾಗಿ ಅವನಿಗೆ ಉರ್ದು ಓದಲು ಬರುತ್ತಿತ್ತು. ಕನ್ನಡದಲ್ಲಿ ಸಹಿ ಮಾತ್ರ, ಅದೂ ದೊಡ್ಡವನಾದ ಮೇಲೆ ಕಲಿತದ್ದು. ಪೂರ್ತಿ ಕೇಳಿದ. ಆಮೇಲೆ ಕೇಳಿದ:

‘ಅಂದ್ರ ಕಿತಾಬ್ ಇಡೋ ಮನಿ. ಖರೆ. ಅದು ಎಲ್ಲಿ ಅದ?’

‘ಎಲ್ಲೂ ಇಲ್ಲ ಮುತ್ಯಾ, ಪ್ರಬಂಧ ಇದು.’

‘ಹಾಂ. ನೀ ನೋಡೀಯೇನು?’

ನೋಡಿರಲಿಲ್ಲ. ನಮ್ಮ ಹಳ್ಳಿಯಲ್ಲಿ ಗ್ರಂಥಾಲಯ ಇರಲಿಲ್ಲ. ಶಾಲೆಯಲ್ಲಿ ಒಂದು ಬೀರು ಇತ್ತು, ಅದಕ್ಕೆ ಬೀಗ ಇತ್ತು. ಮುತ್ಯಾ ನಗಲೂ ಇಲ್ಲ, ಬೈಯಲೂ ಇಲ್ಲ. ಎಲೆ ಅಡಿಕೆ ಚೀಲ ತೆಗೆದ. ಒಂಬತ್ತು ಅಂಕ ಬಂದ ಆ ಹಾಳೆಯನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ. ಆದರೆ ಆಮೇಲೆ ಯಾರಿಗೂ ಓದಿ ತೋರಿಸಲಿಲ್ಲ.

ಅದೇ ವರ್ಷ ನನಗೆ ಇನ್ನೊಂದು ಬರೆಯುವ ಕೆಲಸ ಬಂತು. ಅದಕ್ಕೆ ಅಂಕ ಇರಲಿಲ್ಲ. ಶೇಂಗಾ ಇತ್ತು.

ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಳು. ಅವಳ ಮಗ ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ. ನಮ್ಮ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದ್‌ಗೆ ದುಡಿಯಲು ಹೋಗದ ಓಣಿ ಆಗಲೂ ಕಡಿಮೆ, ಈಗಲೂ ಕಡಿಮೆ. ಆಯಿಗೆ ಓದು ಬರಹ ಇಲ್ಲ. ‘ಏ ತಮ್ಮಾ, ಒಂದು ಪತ್ರ ಬರಕೊಡು ಬಾ’ ಅಂತ ಕರೆದಳು. ಕೈಯಲ್ಲಿ ಒಂದೇ ಒಂದು ನೀಲಿ ಇನ್‌ಲ್ಯಾಂಡ್ ಪತ್ರ. ಇನ್ನೊಂದು ಕೈಯಲ್ಲಿ ಹುರಿದ ಶೇಂಗಾ.

ನಾನು ಆಗಷ್ಟೇ ಚಪ್ಪಾಳೆ ತಿಂದ ಲೇಖಕ. ಆಯಿ ಹೇಳುತ್ತ ಹೋದಳು, ನಾನು ಅದನ್ನು ‘ಶುದ್ಧ’ ಮಾಡುತ್ತ ಬರೆದೆ. ಪುಣ್ಯಕ್ಕೆ, ಇನ್‌ಲ್ಯಾಂಡ್ ಕೆಟ್ಟರೆ ಇನ್ನೊಂದು ಇಲ್ಲ ಅಂತ ಹೆದರಿ, ಮೊದಲು ರಫ್ ಪಟ್ಟಿಯಲ್ಲಿ ಬರೆದಿದ್ದೆ. ಬರೆದದ್ದನ್ನು ಓದು ಎಂದಳು. ಓದಿದೆ. ‘ಪ್ರೀತಿಯ ಪುತ್ರನಿಗೆ ಮಾತೆಯ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮದಿಂದಿದ್ದೇವೆ. ನಮ್ಮ ಎಮ್ಮೆಯು ಕರುವಿಗೆ ಜನ್ಮ ನೀಡಿದೆ...’

ಆಯಿ ಕೈ ಎತ್ತಿ ನಿಲ್ಲಿಸಿದಳು.

‘ನಾ ಹಂಗ ಅಂದಿಲ್ಲ.’

‘ಅರ್ಥ ಅದೇ ಆಯಿ.’

‘ಎಮ್ಮಿ ಜನ್ಮ ಕೊಡ್ತದೇನೋ? ಎಮ್ಮಿ ಈಯ್ತದ. ಇದು ಓದಿದ್ರ ನನ್ನ ಮಗ ಯಾರೋ ಸಾಹೇಬ್ರು ಬರದಾರ ಅಂತಾನ. ಅವ್ವಗ ಏನೋ ಆಗ್ಯಾದ ಅಂತ ಹೆದರ್ತಾನ.’

ಮತ್ತೆ ಬರೆದೆ. ಮತ್ತೆ ಓದಿದೆ. ಮತ್ತೆ ‘ನಾ ಹಂಗ ಅಂದಿಲ್ಲ’. ‘ಗಿಣ್ಣ ಮಾಡಿದ್ದೆ’ ಅಂತ ನಾನು ಬರೆದಿದ್ದೆ. ಅವಳು ಹೇಳಿದ್ದು ಬೇರೆ: ‘ಗಿಣ್ಣ ಮಾಡಿದ್ದೆ, ನಿನ್ನ ಪಾಲಿಂದು ಅಕ್ಕನ ಮನಿಗೆ ಕೊಟ್ಟು ಬಂದೀನಿ.’ ನನಗೆ ಅದು ಬೇಡದ ಮಾತು ಅನಿಸಿ ಬಿಟ್ಟಿದ್ದೆ. ಆಯಿಗೆ ಇಡೀ ಪತ್ರವೇ ಆ ಮಾತಿಗಾಗಿ. ಮಗ ಇಲ್ಲ, ಆದರೆ ಅವನ ಪಾಲು ಇದೆ, ಅದನ್ನು ತೆಗೆದಿಟ್ಟೆ, ಕೆಡುವ ಮೊದಲು ಮಗಳಿಗೆ ಕೊಟ್ಟೆ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ಈಗ ನನಗೆ ಅದು ಕಾಣುತ್ತದೆ. ಆಗ ಸುಮ್ನೆ ಶೇಂಗಾ ತಿನ್ನುತ್ತ, ಬೈಸಿಕೊಳ್ಳುತ್ತ ಬರೆದೆ. ನಾಲ್ಕನೇ ಸಲ ಅವಳು ಸುಮ್ಮನಾದಳು. ತಲೆ ಆಡಿಸಿದಳು. ಆಗ ಇನ್‌ಲ್ಯಾಂಡಿಗೆ ಇಳಿಸಿದೆ.

ಶರಣಬಸವೇಶ್ವರ ಜಾತ್ರೆಗೆ ಆ ಮಗ ಊರಿಗೆ ಬಂದ. ತೇರಿನ ಮರುದಿನ ಮನೆಗೆ ಬಂದು, ‘ಯಾರಪ್ಪ ಆ ಪತ್ರ ಬರೆದವ?’ ಎಂದ. ನಾನು ಎಂದೆ. ‘ಅಕ್ಷರ ಏನ್ ಛಲೋ ಇಲ್ಲ ಬಿಡು. ಆದ್ರ ಓದೋವಾಗ ಅವ್ವನ ದನಿ ಕೇಳ್ತು’ ಅಂದ. ಸಣ್ಣ ಇನ್‌ಲ್ಯಾಂಡಿನಲ್ಲಿ ಎಲ್ಲ ತುರುಕಲು ಹೋಗಿ ಅಕ್ಷರ ಇರುವೆ ಸಾಲಿನಂತೆ ಆಗಿತ್ತು. ನನ್ನ ಒಂದೇ ಬಂಡವಾಳ ಚಂದದ ಅಕ್ಷರ, ಅದನ್ನೇ ಬೈದ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಖುಷಿಗೆ. ಆ ಖುಷಿಗೆ ನನ್ನ ಬಳಿ ಆಗ ಹೆಸರಿರಲಿಲ್ಲ. ಸೊಕ್ಕಂತೂ ಅಲ್ಲ.

ಆ ಪತ್ರ ಈಗ ನನ್ನ ಹತ್ತಿರ ಇಲ್ಲ. ಇರಲು ಸಾಧ್ಯವೂ ಇಲ್ಲ, ಅದು ನನ್ನದಲ್ಲ. ನಾನು ವಿದ್ಯಾರ್ಥಿಯಾಗಿ ಬರೆದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಪುಣೆಯ ಯಾವುದೋ ತಗಡಿನ ಶೆಡ್ಡಿನಲ್ಲಿ ಮಡಿಕೆ ಹರಿದು ಹೋಗಿರಬೇಕು.

ಇಷ್ಟೆಲ್ಲ ಗೊತ್ತಿದ್ದವನು ಮೇಷ್ಟ್ರಾದ ಮೇಲೆ ಏನು ಮಾಡಿದೆ? ಕೆಂಪು ಪೆನ್ನು ಹಿಡಿದೆ. ‘ಅದ’ ಇದ್ದಲ್ಲಿ ‘ಇದೆ’. ‘ಕಟಗಿ’ ಇದ್ದಲ್ಲಿ ‘ಕಟ್ಟಿಗೆ’. ‘ದವಾಖಾನಿ’ ಹೊಡೆದು ‘ಆಸ್ಪತ್ರೆ’. ಪಟ್ಟಿ ತುಂಬ ಕೆಂಪು. ಪಟ್ಟಿ ವಾಪಸು ಕೊಟ್ಟಾಗ ಮಕ್ಕಳು ಓದುತ್ತಿರಲಿಲ್ಲ, ಕೆಂಪು ಎಷ್ಟಿದೆ ಅಂತ ನೋಡಿ ಮುಚ್ಚುತ್ತಿದ್ದರು. ಅದಕ್ಕೇ ಫೈಲಿಗೆ ಬರಹ ಆರಿಸಿ ಎಂದಾಗ ಬಹಳ ಜನ ತಂದದ್ದು ಕೆಂಪು ಇಲ್ಲದ ಹಾಳೆ. ಯಾವುದರಲ್ಲಿ ಕೆಂಪು ಇಲ್ಲ? ಗೈಡಿನಿಂದ ಇಳಿಸಿದ್ದರಲ್ಲಿ.

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್ ಹೋದರೆ ಮಳಖೇಡ. ಕಾಗಿಣಾ ದಂಡೆಯ ಊರು. ಈಗ ಅಲ್ಲಿ ದೂರದಿಂದ ಕಾಣುವುದು ಸಿಮೆಂಟ್ ಕಾರ್ಖಾನೆ, ಹತ್ತಿರ ಹೋದರೆ ಹಳೆಯ ಕೋಟೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ. ಅದು ಕಥೆಯಲ್ಲ, ಕಾವ್ಯವನ್ನು ಹೇಗೆ ಬರೆಯಬೇಕು ಅಂತ ಹೇಳುವ ಪುಸ್ತಕ. ಮೊದಲ ಪರಿಚ್ಛೇದದ ವಿಷಯವೇ ಬರವಣಿಗೆಯ ದೋಷಗಳು. ಒಂದು ಲೆಕ್ಕದಲ್ಲಿ ನಮ್ಮ ಭಾಷೆಯ ಮೊದಲ ಪುಸ್ತಕವೇ ಒಂದು ಕೆಂಪು ಪೆನ್ನು!

ಆದರೆ ಅದರಲ್ಲೇ ಒಂದು ಪದ್ಯವಿದೆ. ಬಿ.ಇಡಿ ಮಾಡುವಾಗ ಓದಿದ್ದೆ, ಮರೆತಿದ್ದೆ. ಕನ್ನಡ ಒಂದಲ್ಲ, ‘ಕನ್ನಡಗಳು’ ಅಂತ ಅಲ್ಲಿ ಬರುತ್ತದೆ. ಸೀಮೆಯಿಂದ ಸೀಮೆಗೆ ದೇಸಿ ಬೇರೆ ಬೇರೆ ಆಗಿರುವುದರಿಂದ, ಇವುಗಳಲ್ಲಿ ದೋಷ ಇಷ್ಟೇ ಅಂತ ಗೊತ್ತು ಮಾಡಲು ಹೋದರೆ ಸರ್ಪರಾಜ ವಾಸುಕಿಗೂ ಆಗದೆ ಬೇಸರ ಬಂದೀತು ಅಂತ ಅದರ ತಾತ್ಪರ್ಯ. ಮಳಖೇಡದಲ್ಲಿ ಕೂತು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ಮಾತು. ವಾಸುಕಿಗೇ ಬೇಸರ ಬರುವ ಕೆಲಸವನ್ನು ನಾನು ಐದು ರೂಪಾಯಿಯ ಪೆನ್ನಿನಲ್ಲಿ ಮಾಡಲು ಹೊರಟಿದ್ದೆ.

ಇದನ್ನು ಓದಿ ಯಾರಾದರೂ ‘ಹಾಗಾದರೆ ಪರೀಕ್ಷೆಯಲ್ಲೂ ಆಡುಮಾತಲ್ಲೇ ಬರೆಯಲಿ ಬಿಡಿ’ ಎನ್ನಬಹುದು. ನಾನು ಹಾಗೆ ಹೇಳುವುದಿಲ್ಲ. ಹತ್ತನೇ ತರಗತಿಯ ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 100 ಬರವಣಿಗೆಯ ಪರೀಕ್ಷೆಗೆ. ಉತ್ತರ ಪತ್ರಿಕೆ ತಿದ್ದುವವರು ಯಾವ ಸೀಮೆಯವರೋ, ಅವರಿಗೆ ‘ಈಯ್ತದ’ ಗೊತ್ತೋ ಇಲ್ಲವೋ. ಪುಸ್ತಕದ ಕನ್ನಡ ಕೈಗೆ ಬರಲೇಬೇಕು. ಅದನ್ನು ಕಲಿಸದೆ ‘ನಿಮ್ಮ ಭಾಷೆಯೇ ಚಂದ’ ಅಂತ ಬೆನ್ನು ತಟ್ಟಿ ಕಳಿಸುವುದು ಮೇಷ್ಟ್ರ ಸೋಮಾರಿತನ. ನನ್ನ ಜಗಳ ಬೇರೆ. ಮಗು ಕಂಡದ್ದನ್ನು ಹೇಳುವ ಮೊದಲೇ ನಾವು ಅದರ ನಾಲಿಗೆ ತಿದ್ದಲು ಹೋಗುತ್ತೇವೆ. ಆಮೇಲೆ ‘ಇವರಿಗೆ ಸ್ವಂತ ವಿಚಾರವೇ ಇಲ್ಲ’ ಅಂತ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಮಾತಾಡುತ್ತೇವೆ.

ಆ ಒಂಬತ್ತನೇ ತರಗತಿಯಲ್ಲೇ ಒಬ್ಬ ಹುಡುಗಿ. ಕಿಟಕಿ ಪಕ್ಕ ಕೂರುತ್ತಾಳೆ, ಮಾತು ಕಡಿಮೆ. ‘ನಮ್ಮ ಊರಿನ ಬೆಳೆ’ ಅಂತ ಬರೆಯಲು ಹೇಳಿದ್ದೆ. ಅವಳ ಪ್ರಬಂಧ ಎಲ್ಲರಂತೆಯೇ ಶುರುವಾಗಿತ್ತು. ‘ಕಲಬುರಗಿಯು ತೊಗರಿಯ ಕಣಜ. ರೈತನು ದೇಶದ ಬೆನ್ನೆಲುಬು.’ ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದೂ ಇತ್ತು. ಎಲ್ಲ ಸರಿ, ಎಲ್ಲ ಸಪ್ಪೆ. ಕೊನೆಗೆ, ಹಾಳೆಯ ತುದಿಯಲ್ಲಿ, ಜಾಗ ಉಳಿದಿದೆ ಅಂತ ಬರೆದಂತೆ ಒಂದು ಸಾಲು: ‘ಈ ವರ್ಷ ನಮ್ಮ ಹೊಲದಾಗ ನೆಟಿ ರೋಗ ಬಂದಿತ್ತು, ಅವ್ವ ಗಿಡ ಸೀಳಿ ತೋರ್ಸಿದಳು, ಒಳಗ ಕರಿ ಗೆರಿ ಇತ್ತು.’

ತೊಗರಿ ಬೆಳೆಯುವವರಿಗೆ ನೆಟೆ ರೋಗ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು, ಗಿಡದಲ್ಲಿ ನೀರು ಏರುವ ದಾರಿಯನ್ನೇ ಮುಚ್ಚುತ್ತದೆ. ಹೂ ಬಿಡುವ, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಇದು ಕೃಷಿ ಪುಸ್ತಕದಲ್ಲಿ ಇದೆ. ಈ ಹುಡುಗಿ ಪುಸ್ತಕದಲ್ಲಿ ಓದಿರಲಿಲ್ಲ, ಕಣ್ಣಲ್ಲಿ ಕಂಡಿದ್ದಳು.

ನಾನು ಏನು ಮಾಡಿದೆ ಅಂದುಕೊಂಡಿರಿ? ‘ಹೊಲದಾಗ’ ಹೊಡೆದು ‘ಹೊಲದಲ್ಲಿ’ ಎಂದೆ. ‘ಗೆರಿ’ ಹೊಡೆದು ‘ಗೆರೆ’ ಎಂದೆ. ಕೈ ತಾನಾಗಿಯೇ ಓಡಿತು. ನಂತರ ಪೆನ್ನು ಕೆಳಗಿಟ್ಟು ಅವಳನ್ನು ಕರೆದೆ. ‘ಈ ಕೊನಿ ಸಾಲಿನಿಂದ ಶುರು ಮಾಡಿ ಬರಕೊಂಡು ಬಾ’ ಎಂದೆ.

ಎರಡನೇ ಸಲ ತಂದದ್ದು ಸ್ವಚ್ಛವಾಗಿತ್ತು, ಸತ್ತು ಹೋಗಿತ್ತು. ‘ಮಾತೆಯು ಸಸ್ಯದ ಕಾಂಡವನ್ನು ಸೀಳಿದರು.’ ನಾನು ಕೆಂಪು ಹಾಕಿದ್ದು ನೋಡಿ ಹೆದರಿ ಪೂರಾ ಶುದ್ಧ ಮಾಡಿದ್ದಳು. ನನಗೆ ಎಮ್ಮೆ ಜನ್ಮ ನೀಡಿದ್ದು ನೆನಪಾಯಿತು. ‘ಅವ್ವ ಏನಂದಳು ಆವತ್ತು? ಅಕಿ ಅಂದಂಗೇ ಹೇಳು’ ಎಂದೆ. ಸ್ವಲ್ಪ ಹೊತ್ತು ನೆಲ ನೋಡಿದಳು. ‘ಏನೂ ಅನ್ಲಿಲ್ರಿ. ಸೀಳಿದ ಕಟಗಿ ಕೈಯಾಗ ಹಿಡ್ಕೊಂಡು, ಒಲಿಗರ ಆಯ್ತು ಅಂದಳು’ ಎಂದಳು.

‘ಒಲಿಗರ ಆಯ್ತು.’ ಒಲೆಗಾದರೂ ಆಯಿತು. ಇದನ್ನು ನಾನು ಸಾಯುವತನಕ ಕೂತರೂ ಬರೆಯಲು ಆಗುವುದಿಲ್ಲ.

ಆಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಕಥೆ ಹೇಳುವುದು ಪುಸ್ತಕದ ಕನ್ನಡದಲ್ಲಿ. ಅವ್ವ ಮಾತಾಡುವುದು ಅವ್ವನ ಕನ್ನಡದಲ್ಲಿ. ಮಾತಿನ ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕುವುದು ಹೇಗೆ ಅಂತ ತೋರಿಸಿದೆ. ಏಳನೇ ತರಗತಿಯಲ್ಲೇ ಲೇಖನ ಚಿಹ್ನೆಯ ಪಾಠ ಮಾಡಿಸಿಕೊಂಡಿದ್ದಾಳೆ, ಪರೀಕ್ಷೆಯಲ್ಲಿ ಅಂಕವೂ ಬಂದಿರಬೇಕು. ಆದರೆ ಅದು ಯಾಕೆ ಬೇಕು ಅಂತ ಅವಳಿಗೆ ಗೊತ್ತಾದದ್ದು ಆವತ್ತು. ಮೂರನೇ ಸಲ ಬಂತು. ನಾಲ್ಕನೇ ಸಲವೂ ಬಂತು, ಅದು ನಾನು ಕೇಳದೆ. ‘ಒಂದು ಮಾತು ಬಿಟ್ಟಿತ್ರಿ ಸರ್’ ಅಂತ ತಾನೇ ತಂದುಕೊಟ್ಟಳು.

ಫೈಲಿಗೆ ಆರಿಸುವ ದಿನ ಅವಳು ಇಟ್ಟದ್ದು ಒಂದು ಹಾಳೆಯಲ್ಲ. ನಾಲ್ಕನ್ನೂ ಪಿನ್ ಹೊಡೆದು ಇಟ್ಟಳು. ಮೊದಲಿನದು ನನ್ನ ಕೆಂಪು ಸಮೇತ. ‘ಇದ್ಯಾಕ ಇಟ್ಟಿ?’ ಅಂತ ಕೇಳಿದೆ. ‘ಇದು ಇಲ್ಲದಿದ್ರ ಅದು ಹೆಂಗ ಆಯ್ತಂತ ಗೊತ್ತಾಗಂಗಿಲ್ರಿ’ ಎಂದಳು. ಕೃತಿ ಸಂಪುಟದ ಉದ್ದೇಶದ ಬಗ್ಗೆ ನಾನು ತರಬೇತಿಯಲ್ಲಿ ಕೂತು ಪುಟಗಟ್ಟಲೆ ಬರೆದುಕೊಂಡಿದ್ದೆ. ಅವಳು ಒಂದು ಸಾಲಿನಲ್ಲಿ ಹೇಳಿದಳು. ಮುಂದಿನ ವರ್ಷದಿಂದ ನನ್ನ ತರಗತಿಯಲ್ಲಿ ಅದೇ ಪದ್ಧತಿ. ಚಂದದ ಹಾಳೆಯ ಹಿಂದೆ ಗೀಚಿದ ಹಾಳೆಯೂ ಇರಬೇಕು. ನೋಡಲು ಬಂದವರು ಒಬ್ಬರು ‘ಇದೇನ್ರಿ ಗಲೀಜು’ ಎಂದರು. ಅದೂ ಆಯಿತು.

ಇಷ್ಟೊಂದು ಯಾಕೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೀರಿ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಮೇ ತಿಂಗಳಲ್ಲಿ ನಮ್ಮ ಕಡೆ ಇದ್ದು ನೋಡಬೇಕು. ಬಿಸಿಲು 42 ಡಿಗ್ರಿ ದಾಟಿರುತ್ತದೆ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಆ ಹೊತ್ತಿಗೇ ಎಸ್ಸೆಸ್ಸೆಲ್ಸಿ ಫಲಿತಾಂಶ. ಜಿಲ್ಲೆಗಳ ಪಟ್ಟಿಯಲ್ಲಿ 2024ರಲ್ಲಿ ಪಕ್ಕದ ಯಾದಗಿರಿ ಕೊನೆಯ ಸ್ಥಾನ. 2025ರಲ್ಲಿ ಕಲಬುರಗಿ ಕೊನೆ, ಶೇ 42.43. ಟಿವಿಯಲ್ಲಿ ಇಡೀ ದಿನ ಅದೇ ಸಾಲು ಓಡುತ್ತದೆ. ಕಾರಣಗಳು ಎಲ್ಲರಿಗೂ ಗೊತ್ತು: ಶಿಕ್ಷಕರು ಸಾಲದು, ಸುಗ್ಗಿಯಲ್ಲಿ ಮಕ್ಕಳು ಹೊಲದಲ್ಲಿ, ಅಪ್ಪ ಅವ್ವ ಗುಳೆ. ನಾನು ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಆ ಸಾಲನ್ನು ನಮ್ಮ ಮಕ್ಕಳೂ ಓದುತ್ತಾರೆ. ಪಾಸಾದವರೂ ಓದುತ್ತಾರೆ. ‘ನಾವು ಕೊನಿಯವರ್ರಿ ಸರ್’ ಅಂತ ನಗುತ್ತ ಹೇಳುತ್ತಾರೆ. ಆ ನಗು ನನಗೆ ಇಷ್ಟವಾಗುವುದಿಲ್ಲ. ಇದು ನಾನೇ ಬರೆದದ್ದು, ಇದು ಚೆನ್ನಾಗಿದೆ ಅಂತ ಯಾವ ಅಂಕವನ್ನೂ ಕೇಳದೆ ಹೇಳಬಲ್ಲ ಒಂದು ಹಾಳೆ ಪ್ರತಿಯೊಬ್ಬರ ಹತ್ತಿರವೂ ಇರಲಿ ಅಂತ ನನ್ನ ಆಸೆ. ಅದರಿಂದ ಶೇಕಡಾವಾರು ಏರುತ್ತದೆ ಅಂತ ನಾನು ಎಲ್ಲೂ ಹೇಳಿಲ್ಲ.

ಫೆಬ್ರುವರಿಯಲ್ಲಿ, ತೊಗರಿ ರಾಶಿ ಮುಗಿದ ಮೇಲೆ, ಪಾಲಕರ ಸಭೆ ಇಟ್ಟಿದ್ದೆವು. ಆ ಹುಡುಗಿಯ ಅವ್ವ ಬಂದಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಹತ್ತಿರವೇ ನಿಂತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಫೈಲು ತೆಗೆದು ಮುಂದಿಟ್ಟೆ. ‘ನನಗೇನ್ ತಿಳೀತದ್ರಿ ಸರ್, ನೀವೇ ಹೇಳ್ರಿ, ಓದ್ತಾಳೋ ಇಲ್ಲೋ’ ಎಂದಳು.

‘ನಿಮ್ಮ ಬಗ್ಗೆ ಬರದಾಳ, ಕೇಳ್ರಿ’ ಎಂದೆ. ಹುಡುಗಿಯ ಮುಖ ಕೆಂಪಾಯಿತು. ಓದು ಎಂದರೆ ಓದಲಿಲ್ಲ. ನಾನೇ ಓದಿದೆ, ನಾಲ್ಕನೇ ಹಾಳೆ. ಅವ್ವ ಸೆರಗಿನ ಅಂಚು ಬಾಯಿಗೆ ಹಿಡಿದು ಕೇಳುತ್ತಿದ್ದಳು. ಹೊಲ ಬಂತು, ಹಳದಿ ಹೂ ಬಂತು. ‘ಬದುವಿನ ಕಡೆಯ ಎರಡು ಸಾಲು ಪೂರ್ತಿ ಒಣಗಿದ್ದವು’ ಅನ್ನುವಲ್ಲಿಗೆ ಬಂದೆ. ಅವಳು ಸೆರಗು ಬಿಟ್ಟು ಮಗಳ ಕಡೆ ತಿರುಗಿದಳು.

‘ಎರಡಲ್ಲ. ನಾಕು ಸಾಲು.’

‘ಎರಡೇ ಇತ್ತಬೇ.’

‘ನೀ ಬದುವಿನ ಮ್ಯಾಗ ನಿಂತು ನೋಡಿದಿ. ನಾ ಒಳಗ ಹೋಗಿದ್ನೆಲ್ಲ? ನಾಕು ಸಾಲು.’

ಹುಡುಗಿ ನನ್ನ ಕಡೆ ನೋಡಿದಳು. ನಾನು ಹಾಳೆಯನ್ನು ಅವಳ ಮುಂದೆ ಸರಿಸಿದೆ. ಕಂಪಾಸ್ ಪೆಟ್ಟಿಗೆಯಿಂದ ಪೆನ್ನು ತೆಗೆದು ‘ಎರಡು’ ಹೊಡೆದು ಹಾಕಿದಳು. ಮೇಲೆ ‘ನಾಲ್ಕು’ ಎಂದು ಬರೆದಳು. ನಂತರ ಸ್ವಲ್ಪ ಯೋಚಿಸಿ ಅದನ್ನೂ ಹೊಡೆದು, ‘ನಾಲ್ಕು ಸಾಲು, ನಾನು ಎರಡೇ ಅಂದುಕೊಂಡಿದ್ದೆ’ ಅಂತ ಅಂಚಿನಲ್ಲಿ ಸಣ್ಣಗೆ ಬರೆಯತೊಡಗಿದಳು. ಅವ್ವ ಬಾಗಿಲು ಬಿಟ್ಟು ಒಳಗೆ ಬಂದು, ಓದಲು ಬರದ ಆ ಸಾಲನ್ನು ಬಗ್ಗಿ ನೋಡುತ್ತ ನಿಂತಿದ್ದಳು.